ಕ್ಯಾಟಮರಾನಿನ ಐದನೇ ಕೋಣೆ

ಚಿಗವ್ವ ನೀರಿಗೆ ಅಂಜುತ್ತಾಳೆ, ಅದಕ್ಕೇ ಗೋವೆಗೆ ಬರಲಿಲ್ಲ. ನಮ್ಮ ಬಳಗದಲ್ಲಿ ಈಗ ಚಲಾವಣೆಯಲ್ಲಿರುವ ಕಥೆ ಇದು. ಬೈಲಹೊಂಗಲದ ಮಾವ ಹೇಳುತ್ತಾನೆ, ಸವದತ್ತಿಯ ದೊಡ್ಡವ್ವ ತಲೆಯಾಡಿಸುತ್ತಾಳೆ, ನನ್ನ ಅವ್ವ ಸುಮ್ಮನಿರುತ್ತಾಳೆ. ಈ ನಾಲ್ವರೂ ಒಡಹುಟ್ಟಿದವರು, ಮುನವಳ್ಳಿಯಲ್ಲಿ ಹೊಳೆದಂಡೆಯ ಮೇಲೆ ಬೆಳೆದವರು. ಅಣ್ಣನಾದ ಈ ಮಾವ ದಂಡೆಯಲ್ಲಿ ನಿಂತು ಬಟ್ಟೆ ಕಾಯುವಾಗ ಮಲಪ್ರಭೆಯನ್ನು ಈಜಿ ದಾಟುತ್ತಿದ್ದವಳು ಚಿಗವ್ವ ಎಂದು ಇದೇ ಅವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಸಾಲಹಳ್ಳಿಗೆ ಸೊಸೆಯಾಗಿ ಹೋದಮೇಲೆ ತೋಟದ ಬಾವಿಗಿಳಿಸಿ ನನಗೆ ಈಜು ಕಲಿಸಿದವಳೂ ಅವಳೇ. ಚರ್ಚಾಸ್ಪರ್ಧೆಯಲ್ಲಿ ಎದುರು ತಂಡ ಇಂಥ ವಾದ ತಂದಿದ್ದರೆ ನಾನು ಎದ್ದು ನಿಲ್ಲುವ ಶ್ರಮವನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ನಡೆದದ್ದು ಹೀಗೆ. ಮಾವನ ಫೋನಿಗೆ ಯಾರೋ ಗೋವೆಯ ಕ್ಯಾಟಮರಾನಿನ ಫೋಟೊ ಕಳಿಸಿದರು. ಅಕ್ಕಪಕ್ಕ ತೇಲುವ ಎರಡು ಉದ್ದ ದೋಣಿಗಳ ಮೇಲೆ ಒಂದು ಮನೆ ಕೂರಿಸಿದಂಥ ಹಡಗು. ಇಡೀ ಹಡಗನ್ನೇ ಬಾಡಿಗೆಗೆ ಹಿಡಿದು ಎರಡು ದಿನ ಅದರಲ್ಲೇ ಇರಬಹುದು. ಎರಡು ಅಳತೆ ಇದ್ದವು: ನಾಲ್ಕು ಕೋಣೆಯದು ಎಂಟು ಜನಕ್ಕೆ, ಐದು ಕೋಣೆಯದು ಹತ್ತು ಜನಕ್ಕೆ. ಚಿಗವ್ವನೂ ಸೇರಿ ನಾವು ಒಂಬತ್ತು. ಎರಡನೇ ಇಯತ್ತೆಯ ಲೆಕ್ಕ. ಅದನ್ನು ಬಿಡಿಸಲು ಕಿತ್ತೂರಿನ ನಮ್ಮ ಮನೆಯಲ್ಲಿ ಅರ್ಧ ದಿನ ಸಭೆ ನಡೆಯಿತು.

ಮಾವ ಚಿಕ್ಕದರ ಪರ. ಅವನಿಗೆ ಯಾವ ವಾಹನವಾದರೂ ಕ್ರೂಸರ್ ಜೀಪೇ. ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಹತ್ತು ಸೀಟಿನಲ್ಲಿ ಹತ್ತೊಂಬತ್ತು ಜನರನ್ನು ತುಂಬಿದ್ದು ಅವನ ಜೀವಮಾನದ ಸಾಧನೆ.

"ಹತ್ತೂಮುಂದ ಇಕ್ಕಟ್ಟ ಅನಸ್ತೈತಿ. ಗಾಡಿ ಹೊಂಟಮ್ಯಾಲ ತಾನ ಸರಿ ಆಕ್ಕೈತಿ" ಎಂದ.

ನಮ್ಮ ರಸ್ತೆಯ ತಗ್ಗುಗಳು ಜನರನ್ನು ಜೋಳದ ಚೀಲದಂತೆ ಕುಲುಕಿ ಹೊಂದಿಸುತ್ತವೆ, ಸಮುದ್ರಕ್ಕೆ ಆ ಸೌಲಭ್ಯವಿಲ್ಲ ಎಂದು ನಾನು ಶುರುಮಾಡಿದೆ. ಒಂದು ಹಾಸಿಗೆಗೆ ಒಬ್ಬರು, ಹಾಸಿಗೆ ಇಲ್ಲದವರು ಹಡಗು ಹತ್ತುವಂತಿಲ್ಲ, ಎಂಟೆಂದರೆ ಎಂಟು. ಹಡಗಿನವನಿಗೆ ಫೋನು ಹಚ್ಚಿ ಸಾಕ್ಷಿಯನ್ನೂ ಒದಗಿಸಿದೆ. ಮಾವ ಸೋತ. ದೊಡ್ಡ ಹಡಗೇ ಎಂದಾಯಿತು. ನಾನು ವಿಜಯದ ಚಹಾ ಕುಡಿದೆ.

ಆಮೇಲೆ ಬಂತು ಬುತ್ತಿಯ ಪ್ರಶ್ನೆ. ಹಡಗಿನ ಅಡುಗೆಮನೆಯಲ್ಲಿ ಮೀನು ಬೇಯಿಸಿರುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಅಲ್ಲಿ ಉಣ್ಣುವುದು ಹೇಗೆ? ಹಾಗಾಗಿ ಊಟ ಮನೆಯಿಂದ, ಅದಕ್ಕೆ ಮೀನಿನ ಗಾಳಿ ತಾಗದ ಬಾಗಿಲಿರುವ ಕೋಣೆ. ಐದನೇ ಕೋಣೆಯ ಒಂದು ಹಾಸಿಗೆ ಖಡಕ್ ರೊಟ್ಟಿಗೆ, ಇನ್ನೊಂದು ಶೇಂಗಾ ಹೋಳಿಗೆ, ಚಟ್ನಿಪುಡಿ, ನೀರಿನ ಕ್ಯಾನುಗಳಿಗೆ. ಉಳಿದದ್ದು ಎಂಟು ಹಾಸಿಗೆ, ನಾವು ಒಂಬತ್ತು ಮಂದಿ. ಚಿಗವ್ವ ಹಡಗಿನ ನಡುಮನೆಯಲ್ಲಿ ಮಲಗಲಿ ಎಂದೆ.

"ಹಾಸಿಗಿ ಇಲ್ಲದವರು ಹಡಗ ಹತ್ತಬಾರದಂತ ನೀನ ಹೇಳಿದೆಲ್ಲ? ಶ್ಯಾಣ್ಯಾರ ಮಾತ ಮುರಿಯಾಕ ನಾ ಯಾರು?" ಎಂದ ಮಾವ.

ರೊಟ್ಟಿಯನ್ನೇ ನಡುಮನೆಯಲ್ಲಿಡಿ ಎಂಬ ಉತ್ತರ ನನ್ನ ಬಾಯಿಯ ತನಕ ಬಂದಿತ್ತು. ಹಾಗೆಂದರೆ, ಒಬ್ಬಳಿಗಾಗಿ ಐದನೇ ಕೋಣೆ ಯಾಕೆಂದು ಮಾವ ಮತ್ತೆ ಚಿಕ್ಕ ಹಡಗಿಗೆ ಹೊರಳುತ್ತಾನೆ, ಗೆದ್ದದ್ದು ಹೋಗುತ್ತದೆ. ಸುಮ್ಮನಾದೆ. ಮಾವ ಅಲ್ಲೇ ಫೋನು ಹಚ್ಚಿ, ನೀನು ಹೇಗೂ ನೀರಿಗೆ ಅಂಜುತ್ತೀ ಎಂದು ಚಿಗವ್ವನಿಗೆ ತಿಳಿಸಿದ. ರೊಟ್ಟಿ ಎಷ್ಟು ಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದ. ಬಳಗದಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರಿಲ್ಲ.

ರೊಟ್ಟಿಗಳು ಸುಖವಾಗಿ ಪ್ರಯಾಣಿಸಿದವು. ಅವುಗಳ ಕಿಟಕಿಯಿಂದ ಸಮುದ್ರ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಆದರೆ ವರ್ಷವೆಲ್ಲ ಒಣಗಾಳಿಯಲ್ಲಿ ರೊಟ್ಟಿ ಕಾಪಿಟ್ಟ ನಮಗೆ ಸಮುದ್ರದ ತೇವ ಎಲ್ಲಿ ಗೊತ್ತು? ಮರುದಿನ ಬೆಳಿಗ್ಗೆ ಗಂಟು ಬಿಚ್ಚಿದರೆ ಹಸಿ ಟವೆಲ್ಲಿನಂತೆ ಜೋತುಬಿದ್ದವು. ಮಧ್ಯಾಹ್ನ ಎಲ್ಲರೂ ಹಡಗಿನ ಅಡುಗೆಯವನ ಅನ್ನ ಸಾರು ಉಂಡೆವು. ಲಿಂಗದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಮಾವ ಎರಡನೇ ಸಲ ಸಾರು ಹಾಕಿಸಿಕೊಂಡ.

ಮುಂದಿನ ವಾರ ಬುತ್ತಿಯ ಡಬ್ಬಿಗಳನ್ನು ಮರಳಿಸಲು ಸಾಲಹಳ್ಳಿಗೆ ಹೋದೆ. ಚಿಗವ್ವ ನನ್ನ ಫೋನು ತೆಗೆದುಕೊಂಡು ಫೋಟೊ ನೋಡುತ್ತ ಕುಳಿತಳು. ಹಡಗು ನಿಂತಲ್ಲಿ ಆಳ ಎಷ್ಟಿತ್ತು, ನೀರಿಗಿಳಿಯಲು ಬಿಟ್ಟರೇ, ಉಪ್ಪುನೀರಿನಲ್ಲಿ ಮೈ ತಾನಾಗಿ ತೇಲುತ್ತದಂತೆ ನಿಜವೇ ಎಂದೆಲ್ಲ ಕೇಳಿದಳು. ನಾವ್ಯಾರೂ ಇಳಿದಿರಲಿಲ್ಲ. ಒಂದು ಫೋಟೊ ಬಂದಾಗ ಬೆರಳು ನಿಲ್ಲಿಸಿದಳು.

"ಈ ಕ್ವಾಣ್ಯಾಗ ಯಾರಿದ್ರು?"

"ನಿನ್ನ ರೊಟ್ಟಿ" ಎಂದೆ. ಆಮೇಲೆ ಸಭೆಯಲ್ಲಿ ನಡೆದದ್ದನ್ನು, ನನ್ನ ವಾದವನ್ನೂ ಸೇರಿಸಿ, ಒಂದೂ ಬಿಡದೆ ಹೇಳಿದೆ. ಅವಳು ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.

"ಚಿಗವ್ವ, ಅವತ್ತ ನಾ ಮಾವನ ಮಾತಿಗೆ ಹೂಂ ಅಂದಿದ್ರ, ಎಂಟ ಮಂದಿ ಹಡಗಿನ್ಯಾಗ ನಮ್ಮ ನಡುವ ಒತ್ತಿಕೊಂಡು ಮಲಗಾಕ ನೀ ಬರತಿದ್ದೇನ?"