ಬಾಗಿಲಲ್ಲಿ ಕೂರುವ ಅಜ್ಜಿ

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಅವರ ಎದುರಿಗೇ ನಗುತ್ತಿದ್ದೆ. ದೇವರಿಗೆ ದಿನವೂ ದೀಪ ಹಚ್ಚುವವಳೇ, ಆದರೆ ಭಕ್ತಿ ಬೇರೆ, ಇಂಥ ಕಥೆಗಳು ಬೇರೆ ಎಂದುಕೊಂಡಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ನಾನು ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವಳು. ನಮ್ಮವರು ಶಹಾಡ್‌ನ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಒಬ್ಬಳೇ ಮಗಳನ್ನು ನೆರೂಳದಲ್ಲಿರುವ ಹುಬ್ಬಳ್ಳಿ ಕಡೆಯವರ ಮನೆಗೆ ಕೊಟ್ಟೆವು. ಮೊಮ್ಮಗಳು ಅನ್ವಿ ಹುಟ್ಟಿದ ಮೇಲೆ ಮಗಳು ಮತ್ತೆ ಆಫೀಸಿಗೆ ಹೊರಟಳು. ಮಗು ಇಡೀ ವಾರ ಬೀಗಿತ್ತಿಯ ಮಡಿಲಲ್ಲಿ. ನನ್ನ ಪಾಲಿಗೆ ಭಾನುವಾರ ಮಾತ್ರ, ಅದೂ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ಗರ್ದಿಯಲ್ಲಿ ಜಜ್ಜಿಸಿಕೊಂಡು ಹೋದರೆ.

ಬೀಗಿತ್ತಿ ಒಳ್ಳೆಯ ಹಾಡುಗಾರ್ತಿ. ಹಾರ್ಮೋನಿಯಂ ನುಡಿಸುತ್ತಾರೆ, ಕಾಶಿ, ಪಂಢರಪುರ ಎಲ್ಲ ನೋಡಿ ಬಂದಿದ್ದಾರೆ, ಸೆಕ್ಟರಿನ ಹೆಂಗಸರ ಭಜನೆಗೆ ಅವರೇ ಮುಂದಾಳು. ನನ್ನದು ಕಾಗೆ ಕಂಠ. ನನ್ನ ಮಗಳಿಗೂ ಒಂದು ಜೋಗುಳ ಹಾಡಿದವಳಲ್ಲ. ಅನ್ವಿ ಅವರ ತೊಡೆಯ ಮೇಲೆ ಕೂತು ತಾಳ ಹಾಕುವುದನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇನು, ಈಗಲೂ ಉರಿಯುತ್ತದೆ.

ಅನ್ವಿಗೆ ಐದು ತುಂಬಿದ ವರ್ಷ, ಒಂದು ಭಾನುವಾರ ಮಧ್ಯಾಹ್ನ. ನಾನು ಅಷ್ಟು ದೂರದಿಂದ ಕಟ್ಟಿಕೊಂಡು ಹೋದ ಪತ್ರೊಡೆಯನ್ನು ಮಗು ಮೂಸಿಯೂ ನೋಡಿರಲಿಲ್ಲ. ಅದೇ ಬೇಸರದಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಾಲ್‌ನಲ್ಲಿ ಹಾರ್ಮೋನಿಯಂ ಶುರುವಾಯಿತು, ಜೊತೆಗೆ ಮಗುವಿನ ದನಿ:

“ಬಲ ಬಲ ಬೆಣ್ಣೆಯ ಕಂದ, ಹೊಸಿಲು ದಾಟಿ ಬಲ...”

“ಬಲ ಅಲ್ಲ ಕೂಸ, ಬಾರೋ ಅನಬೇಕು,” ಎಂದರು ಬೀಗಿತ್ತಿ.

ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಅದು ನನ್ನ ಅಮ್ಮ ತಾನೇ ಕಟ್ಟಿಕೊಂಡ ಹಾಡು. ಅವಳ ಮನೆಮಾತು ತುಳು. ಕನ್ನಡದಲ್ಲಿ ಹಾಡಿದರೂ ‘ಬಾ’ ಎನ್ನಬೇಕಾದಲ್ಲಿ ತುಳುವಿನ ‘ಬಲ’ ಎಂದೇ ಬರುತ್ತಿತ್ತು. ಅಂಗಳದಲ್ಲಿ ಹಪ್ಪಳ ಒಣಗಿಸಿ, ಹೊಸಿಲ ಬಳಿ ಕಾವಲು ಕೂತು ಹಾಡುವಳು. ನಡುನಡುವೆ ಕೈ ಬೀಸಿ ಕಾಗೆಗಳಿಗೆ “ಹುಶ್” ಎನ್ನುವಳು. ಚಿಕ್ಕವಳಾಗಿದ್ದಾಗ ನಾನು ಆ ಹುಶ್ ಕೂಡ ಹಾಡಿನದೇ ಎಂದುಕೊಂಡಿದ್ದೆ. ಹೊರಗೆ ಬಂದು ನೋಡುತ್ತೇನೆ, ಅನ್ವಿ ಸಾಲು ಮುಗಿಸಿ, ಕೈ ಬೀಸಿ, “ಹುಶ್” ಎಂದು ಮುಂದಿನ ಸಾಲಿಗೆ ಹೋದಳು.

ಅಮ್ಮನಿಗೆ ನಾನೊಬ್ಬಳೇ. ನನ್ನ ಮಗಳು ಹುಟ್ಟುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಡೊಂಬಿವಲಿಗೆ ಬಾ ಎಂದು ಎಷ್ಟು ಕರೆದಿದ್ದೆ. ಪ್ರತಿ ಸಲವೂ “ಬರ್ಪೆ ಮಗಾ”, ಬರುತ್ತೇನೆ, ಎನ್ನುತ್ತಿದ್ದಳು. ಬರಲೇ ಇಲ್ಲ.

“ನೀವೇ ಕಲಿಸಿದ್ದಾ?” ಎಂದು ಬೀಗಿತ್ತಿಯನ್ನು ಸ್ವಲ್ಪ ಗಡುಸಾಗಿಯೇ ಕೇಳಿದೆ.

“ನಾ ಎಲ್ಲಿ ಕಲಸ್ಲಿರೀ? ನಿಮ್ಮ ಕಡಿ ಮಾತಿದ್ದಂಗೈತಿ, ನೀವ ಕಲಿಸೀರಿ ಅಂತ ತಿಳಕೊಂಡಿದ್ದೆ.”

ಮಗುವನ್ನೇ ಕೇಳಿದೆ. ಅನ್ವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. “ದೂಸರೀ ಅಜ್ಜೀ ನೇ,” ಎಂದಳು. ಇನ್ನೊಂದು ಅಜ್ಜಿ! ಅಂದರೆ ನಾನೇ. ಹೇಗೆ, ಯಾವಾಗ ಎಂದು ಯೋಚಿಸದೆ ಹಿಗ್ಗಿ ಅವಳನ್ನು ಬಾಚಿಕೊಂಡೆ. ಅವಳು ಕೊಸರಿಕೊಂಡಳು.

“ಆಪ್ ನಹೀ. ವೋ ಜೋ ದರ್ವಾಜೇ ಪೇ ಬೈಠ್ತೀ ಹೈ. ಕೌವೇ ಭಗಾತೀ ಹೈ.”

ನೀನಲ್ಲ, ಬಾಗಿಲಲ್ಲಿ ಕೂತು ಕಾಗೆ ಓಡಿಸುವವಳು. ನಾವಿಬ್ಬರೂ ಬಾಗಿಲ ಕಡೆ ನೋಡಿದೆವು. ಚಪ್ಪಲಿಗಳಿದ್ದವು, ಅಷ್ಟೇ. ನಾಲ್ಕನೇ ಮಹಡಿಯ ಆ ಕತ್ತಲ ಪ್ಯಾಸೇಜಿಗೆ ಯಾವ ಕಾಗೆ ಬಂದೀತು? ಆ ಕಟ್ಟಡದಲ್ಲಿ ತುಳು ಮಾತಾಡುವವರು ಯಾರೂ ಇಲ್ಲ, ವಿಚಾರಿಸಿದ್ದೇನೆ. ಆ ಹಾಡು, ಆ ಹುಶ್ ಎರಡೂ ತೀರಿಹೋದ ನನ್ನ ಅಮ್ಮನವು ಎಂದು ಬೀಗಿತ್ತಿಗೆ ಹೇಳಿದೆ.

“ಮನಿ ಬಾಗಲಕ ಬಂದವರಿಗೆ ನಿಮ್ಮಲ್ಲಿ ಏನ್ ಕೊಡ್ತೀರಿ?” ಎಂದು ಬೀಗಿತ್ತಿ ಮೆಲ್ಲಗೆ ಕೇಳಿದರು. ಬೆಲ್ಲ, ನೀರು ಎಂದೆ. ಅವರು ಎದ್ದು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಹೊಸಿಲ ಬಳಿ ಇಟ್ಟು ಕೈಮುಗಿದರು. ನನ್ನ ಅಮ್ಮನಿಗೆ ಅವರು ಕೈಮುಗಿಯುತ್ತಿದ್ದರು, ನಾನು ಒದ್ದೆ ಕೈಯಲ್ಲಿ ನಿಂತು ನೋಡುತ್ತಿದ್ದೆ.

ಮುಂದಿನ ಭಾನುವಾರ ಹೋದಾಗ ಅವರು ಸಂಭ್ರಮದಿಂದ ಹೇಳಿದರು: “ನಿಮ್ಮವ್ವಾರು ಒಳಗ ಬಂದಿದ್ರಂತ ನೋಡ್ರಿ. ನನ್ನ ಮಗ್ಗಲಕ ಕುಂತು ಹಾಡು ಕೇಳಿದ್ರಂತ. ಕೂಸು ಹೇಳ್ತು.” ಆಮೇಲೆ ಅನ್ವಿ ಆ ಹಾಡನ್ನು ಹಾಡಲಿಲ್ಲ. ದೊಡ್ಡವಳಾದ ಮೇಲೆ ಕೇಳಿದರೆ ಒಂದು ಸಾಲೂ ನೆನಪಿಲ್ಲ ಎಂದಳು.

ಅದು ಏನೆಂದು ನನಗೆ ಇವತ್ತಿಗೂ ತಿಳಿಯದು. ಮಗುವಿನ ಕಲ್ಪನೆ ಎನ್ನೋಣವೆಂದರೆ ಆ ‘ಹುಶ್’ ಬಿಡುವುದಿಲ್ಲ. ಅಮ್ಮನೇ ಎನ್ನೋಣವೆಂದರೆ, ಸ್ವಂತ ಮಗಳಾದ ನನ್ನ ಮನೆ ಬಿಟ್ಟು ಅಷ್ಟು ದೂರ ಆ ಮನೆಗೆ ಏಕೆ ಹೋದಳು? ಅಂದಿನಿಂದ ಭಾನುವಾರ ಬೆಳಿಗ್ಗೆ ಡೊಂಬಿವಲಿಯ ನನ್ನ ಬಾಗಿಲಲ್ಲೂ ಬೆಲ್ಲ, ನೀರು ಇಡುತ್ತೇನೆ. ಯಾರೂ ಇಲ್ಲದಾಗ “ಬಲ ಅಮ್ಮ” ಎಂದೂ ಕರೆಯುತ್ತೇನೆ. ಇರುವೆಗಳು ಬರುತ್ತವೆ.