ಬಾವಿ ಕೊಲ್ಲುವ ಮಾತು

ಚಿನ್ನವ್ವಾ, ಗುಂಡ್ಯಾ, ಇದು ನಿಮ್ಮಿಬ್ಬರಿಗೆ. ಅಜ್ಜನ ಹಳೆಯ ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ಆಡುವಾಗ ನೀವು ಕೇಳಿದಿರಿ, "ಅಜ್ಜ ಏನ್ ಕೆಲಸಾ ಮಾಡ್ತಿದ್ದ?" ನಾನು "ಎಣ್ಣಿ ಬಾವಿ ರಿಪೇರಿ" ಎಂದಷ್ಟೇ ಅಂದು ಒಳಗೆ ಹೋದೆ. ಎದುರಿಗೆ ಕೂತು ಹೇಳುವುದು ನನಗೆ ಮೊದಲಿನಿಂದಲೂ ಆಗಿಬಂದಿಲ್ಲ. ಬರೆದರೆ ನಡೆಯುತ್ತದೆ. ಭಾಲ್ಕಿ ಕಡೆಯ ನನ್ನ ತವರೂರ ಸಾಲೆಯಲ್ಲಿ ಕಲಿತ ಕನ್ನಡ ಇನ್ನೂ ಕೈಯಲ್ಲಿ ಉಳಿದಿದೆ.

ನಾನು ಮದುವೆಯಾಗಿ ಬಂದದ್ದು ಉಮರ್ಗಾ ಹತ್ತಿರದ ಹಳ್ಳಿಗೆ. ನಿಮ್ಮ ಅಜ್ಜನ ನೌಕರಿ ಗುಜರಾತದಲ್ಲಿ. ಕೆಲವು ವಾರ ಅಲ್ಲಿ, ಕೆಲವು ವಾರ ಮನೆಯಲ್ಲಿ. ಹೊಸ ಬಾವಿ ಕೊರೆಯುವವರು ಬೇರೆ. ಇವರದು ಮುದಿಯಾದ ಬಾವಿಗಳ ಕೆಲಸ. ಎಣ್ಣೆ ಬಾವಿ ನಮ್ಮ ಬಾವಿಯಂತೆ ಬಾಯಿ ತೆರೆದಿರುವುದಿಲ್ಲವಂತೆ. ನೆಲದೊಳಗೆ ಬಹಳ ಆಳಕ್ಕೆ ಇಳಿದ ಒಂದು ಕೊಳವೆ ಅಷ್ಟೆ. ವಯಸ್ಸಾದಂತೆ ಒಳಗಿನ ಪೈಪಿಗೆ ತುಕ್ಕು ಹಿಡಿಯುತ್ತದೆ, ಉಸುಕು ತುಂಬುತ್ತದೆ, ಎಣ್ಣೆ ಬರುವ ಕಡೆಯಿಂದ ನೀರು ಬರತೊಡಗುತ್ತದೆ. ಇವರ ಗ್ಯಾಂಗು ಹೋಗಿ ಪೈಪು ಮೇಲೆಳೆದು, ಉಸುಕು ತೊಳೆದು, ನೀರಿನ ದಾರಿಗೆ ಸಿಮೆಂಟು ತುಂಬಿ, ಅದಕ್ಕಿಂತ ಮೇಲಿನ ಪದರಿಗೆ ಹೊಸ ತೂತು ಹಾಕುತ್ತಿತ್ತು. "ಮೊದಲಿನ ಮಂದಿ ಆಳದ ಆಸೇಕ್ಕ ಮ್ಯಾಲಿಂದು ಬಿಟ್ಟು ಇಳದಿರ್ತಾರ. ನಾವು ಹೊಳ್ಳಿ ಬಂದು ಅದನ್ನ ಮಾತಾಡ್ಸತೀವಿ" ಎನ್ನುತ್ತಿದ್ದರು. ಹಾಗೆ ಮಾಡಿದರೆ ಮುದಿ ಬಾವಿ ಇನ್ನಷ್ಟು ವರ್ಷ ಎಣ್ಣೆ ಕೊಡುತ್ತಿತ್ತು.

ಅವರಿಗೆ ಒಬ್ಬಳೇ ತಂಗಿ, ನನ್ನ ನಾದಿನಿ. ಲೋಹಾರಾ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಚಿಕ್ಕವಳಿದ್ದಾಗ ಮೇವು ಕತ್ತರಿಸುವಾಗ ಅವಳ ಬಲಗೈ ಕಿರುಬೆರಳು ಅರ್ಧ ಹೋಗಿತ್ತು. ಆ ಮೋಟು ಬೆರಳನ್ನೇ ಕುಣಿಸುತ್ತ ಎಲ್ಲರನ್ನೂ ಕಾಡುತ್ತಿದ್ದಳು. ಅಣ್ಣನ ಕೆಲಸದ ಅಂಗಿ ನಾನು ಒಗೆಯುತ್ತಿದ್ದರೆ, "ವೈನಿ, ನೀರಾಗ ಹಿಂಡಬ್ಯಾಡ. ಒಂದು ಬಟ್ಟಲದಾಗ ಹಿಂಡು, ವರ್ಷದ ದೀಪಕ್ಕ ಎಣ್ಣಿ ಆಗ್ತದ!" ಎಂದು ನಗುತ್ತಿದ್ದಳು.

ಆಮೇಲೆ ಭೂಕಂಪ ಆಯಿತು. ಗಣಪತಿ ಕಳಿಸಿ ಮಲಗಿದವರು ಬೆಳಗಾಗುವುದರೊಳಗೆ ಕಲ್ಲಿನ ಕೆಳಗೆ ಹೋದರು. ನಮ್ಮೂರಲ್ಲಿ ಗೋಡೆ ಸೀಳಿದವು, ಜೀವ ಉಳಿದವು. ನಾದಿನಿಯ ಊರು ಇಡೀ ಕುಸಿಯಿತು. ಅವಳೂ ಅವಳ ಗಂಡನೂ ಹೋದರು. ಅತ್ತೆ ಮತ್ತು ನಾನು ಹೇಗೋ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮನೆಗಳ ತೊಲೆಗಳನ್ನೇ ಒಟ್ಟಿ ಎಲ್ಲರನ್ನೂ ಕೂಡಿಸಿ ಸುಟ್ಟಿದ್ದರು. ನಮ್ಮವರಲ್ಲಿ ಸುಡುವುದಿಲ್ಲ. ಕುಳ್ಳಿರಿಸಿ, ಇಬತ್ತಿ ಹಚ್ಚಿ, ಮಣ್ಣು ಕೊಡುತ್ತೇವೆ. ಅತ್ತೆ ಸಿಕ್ಕಸಿಕ್ಕವರನ್ನು ಕೇಳಿದರು, "ನನ್ನ ಮಗಳ ಮಾರಿ ನೋಡೀರೇನು?" ನೋಡಿದೆ ಎನ್ನುವವರು ಯಾರೂ ಸಿಗಲಿಲ್ಲ. ಒಬ್ಬ ಹೆಣ್ಣುಮಗಳು ಮಾತ್ರ, "ನಾಳಿ ನಸಿಕ್ಲೆ ಹಗೇವಿನಾಗಿಂದು ಜೋಳಾ ತಗೀಬೇಕು ಅಂತಿದ್ಳು" ಎಂದಳು. ಹಗೇವು ಅಂದರೆ ಅಂಗಳದಲ್ಲಿ ಬಾವಿಯ ಹಾಗೆ ತೋಡಿ ಜೋಳ ತುಂಬಿಡುವ ಗುಂಡಿ. ಮೇಲೆ ಕಲ್ಲು ಮುಚ್ಚಿ, ಸುತ್ತ ಕೆಸರು ಮೆತ್ತಿ, ಮಣ್ಣು ಎಳೆದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ.

ಆ ಮಾತು ಅತ್ತೆಯ ಮನಸ್ಸಿನಲ್ಲಿ ಎಲ್ಲಿ ಹೋಗಿ ಕೂತಿತೋ ಆಗ ನನಗೆ ತಿಳಿಯಲಿಲ್ಲ.

ನಿಮ್ಮ ಅಜ್ಜ ಗುಜರಾತದಿಂದ ಬರುವುದರೊಳಗೆ ಬೂದಿ ತಣ್ಣಗಾಗಿತ್ತು. ನಾವು ಸೀಳಿದ ಮನೆ ಬಿಟ್ಟು ತಗಡಿನ ಶೆಡ್ಡಿಗೆ ಬಂದಿದ್ದೆವು. ಪಕ್ಕದ ಶೆಡ್ಡಿನ ಮುದುಕ, "ಬರ್ರಿ ಎಣ್ಣಿ ಸಾಹೇಬ್ರ, ನೆಲದಾಗಿಂದೆಲ್ಲಾ ಹೀರಿ ಪೊಳ್ಳು ಮಾಡಿದ್ರಿ, ಈಗ ನಮ್ಮನ್ನ ಒಳಗ ಕರ್ಕೊಂಡ್ರಿ" ಎಂದ. ನಕ್ಕೇ ಅಂದಿದ್ದ. ಆದರೆ ಅತ್ತೆ ಕೇಳಿಸಿಕೊಂಡರು.

ಅಂದು ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಖರೇನೋ? ನೀವು ನೆಲಾ ಪೊಳ್ಳು ಮಾಡ್ತೀರಿ?"

ತಾಯಿಗೆ ಸಮಾಧಾನ ಮಾಡಲು ಹೋಗಿ ಅವರು ಕೆಲಸದ ಮಾತನ್ನೇ ಆಡಿಬಿಟ್ಟರು. "ಇಲ್ಲ ಯವ್ವಾ. ನಾವು ಉಳಸಾ ಮಂದಿ. ಮೊದಲ ಭಾರದ ನೀರು ಹಾಕಿ ಬಾವಿ ಕೊಲ್ತೀವಿ, ಗ್ಯಾಸ್ ಮ್ಯಾಲ ಹಾರಬಾರದಂತ. ಸತ್ತ ಮ್ಯಾಲೆ ರಿಪೇರಿ ಮಾಡ್ತೀವಿ. ಆಮ್ಯಾಲೆ ಹೊಳ್ಳಿ ಎಬ್ಬಸ್ತೀವಿ."

ಅಲ್ಲಿ ಗ್ಯಾಂಗಿನವರೆಲ್ಲ ಹಾಗೇ ಅನ್ನುತ್ತಿದ್ದರಂತೆ. ಬಾವಿ ಕೊಂದೆವು, ಬಾವಿ ಸತ್ತಿತು, ಬಾವಿ ಎದ್ದಿತು. ಅವರಿಗೆ ಅದು ಪಾನಾ, ನಟ್ಟು ಎಂದಷ್ಟೇ ಸಾದಾ ಮಾತು.

ಅತ್ತೆಯ ಕೈ ರೊಟ್ಟಿಯ ಮೇಲೇ ನಿಂತಿತು. "ಸತ್ತದ್ದು ಏಳ್ತದ?"

"ಏಳ್ತದ. ಒಳಗ ಇನ್ನಾ ಏನರೆ ಉಳದಿದ್ರ ಏಳ್ತದ."

ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಬೇರೊಂದು ಗಾಳಿ ಹೊಕ್ಕಿತು. ಅತ್ತೆ ಅಳುವುದನ್ನು ನಿಲ್ಲಿಸಿದರು. ನೆಲಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದರು. ಒಮ್ಮೆ ಮೆಲ್ಲಗೆ ನನ್ನನ್ನು ಕರೆದು, "ಕೇಳು, ಆಕಿ ಹಗೇವಿನಾಗ ಸೇರಿಲೆ ಕಾಳು ಅಳ್ಯಾಕತ್ಯಾಳ" ಎಂದರು. ನಾನೂ ಕಿವಿ ಹಚ್ಚಿದೆ. ಸರಸರ ಎಂದಂತಾಯಿತು. ತಗಡಿನ ಮೇಲೆ ಬೇವಿನ ಎಲೆ ಉದುರಿದ್ದಿರಬೇಕು. ಇರಬೇಕು ಎಂದೇ ಇವತ್ತಿಗೂ ಅಂದುಕೊಂಡಿದ್ದೇನೆ.

ಮಗ ಊರಿಗೆ ಬಂದಾಗಲೆಲ್ಲ ಅತ್ತೆಯದು ಒಂದೇ ಮಾತು. "ಮಂದೀ ಬಾವಿ ಎಬ್ಬಸ್ತಿ. ನಿನ್ನ ತಂಗಿ ಹಗೇವಿನಾಗ ಕುಂತಾಳ. ಆಕಿನ್ನ ಎಬ್ಬಸಾಕ ಬರಲ್ಲೇನು ನಿನಗ?"

"ಯವ್ವಾ, ಅದು ಬರೇ ಮಾತ. ಮಷಿನ್ ಮಾತ."

"ಮಾತ ಆಡಾಂವ ನೀನೇ ಅಲ್ಲ?"

ನಿಮ್ಮ ಅಜ್ಜ ಎದ್ದು ಹೊರಗೆ ಹೋಗುತ್ತಿದ್ದರು. ಗುಂಡಿ ತೆರೆಯಲು ಅವರಿಗೆ ಧೈರ್ಯವಿರಲಿಲ್ಲ. ಒಳಗೆ ಬರೀ ಜೋಳ ಕಂಡರೆ ತಾಯಿ ಅಲ್ಲೇ ಜೀವ ಬಿಟ್ಟಾಳು ಎಂಬ ಹೆದರಿಕೆ. ಒಮ್ಮೆ ನನ್ನ ಮುಂದೆ ಮಾತ್ರ, "ಖರೇನೇ ಒಳಗ ಇದ್ರ?" ಎಂದರು. ಅದಾದ ಮೇಲೆ ನನಗೂ ಮಣ್ಣಿನ ನೆಲದ ಮೇಲೆ ಕಾಲಿಡಲು ಒಂಥರಾ ಆಗುತ್ತಿತ್ತು.

ನಾದಿನಿಯ ಹಳೆಯ ಊರಿನ ಕಲ್ಲೆಲ್ಲ ಎತ್ತಿ ನೆಲ ಸಪಾಟು ಮಾಡುತ್ತಾರೆ, ಉಳಿದವರಿಗೆ ಬೇರೆ ಕಡೆ ಊರು ಕಟ್ಟುತ್ತಾರೆ ಎಂಬ ಸುದ್ದಿ ಬಂತು. ಅತ್ತೆ ಸೀರೆ ಉಟ್ಟು ಬಾಗಿಲಲ್ಲಿ ನಿಂತರು. "ಆಕಿ ಮ್ಯಾಲ ಟ್ರ್ಯಾಕ್ಟರ್ ಹೋಗೂದ್ರಾಗ ಬರ್ತಿಯೋ, ಇಲ್ಲಾ ನಾ ಒಬ್ಬಾಕೆ ಹೋಗ್ಲೋ?" ನಿಮ್ಮ ಅಜ್ಜ ಹಾರೆ, ಗುದ್ದಲಿ ತೆಗೆದುಕೊಂಡರು. ಮೂವರೂ ಹೋದೆವು.

ಆ ಊರಲ್ಲಿ ದಾರಿ ಯಾವುದು, ಅಂಗಳ ಯಾವುದು ತಿಳಿಯುತ್ತಿರಲಿಲ್ಲ. ಬೇವಿನ ಗಿಡ, ಅದರ ಬುಡದ ಒರಳುಕಲ್ಲು ನೋಡಿ ನಾದಿನಿಯ ಅಂಗಳ ಗುರುತು ಹಿಡಿದೆವು. ಅವರು ಕಲ್ಲು ಸರಿಸಿದರು, ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತೆ. ಅತ್ತೆ ಒಂದು ಕಡೆ ಕೂತು ನೆಲಕ್ಕೆ, "ಬಂದ್ವಿ, ತಡಿ ಯವ್ವಾ, ಬಂದ್ವಿ" ಎನ್ನುತ್ತಿದ್ದರು. ಹೊತ್ತು ಮುಳುಗುವಾಗ ಹಗೇವಿನ ಮುಚ್ಚಿಗೆಯ ಕಲ್ಲು ಸಿಕ್ಕಿತು.

ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಡುವುದು ನಮ್ಮ ಪದ್ಧತಿ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ತಿಳಿದು ಯಾರೂ ಇಳಿಯುವುದಿಲ್ಲ. ಅತ್ತೆ ಕಂದೀಲು ಹಚ್ಚಿ ತಂದು ಕಲ್ಲಿನ ಹತ್ತಿರ ಹಿಡಿದರು. ನಿಮ್ಮ ಅಜ್ಜ ಹೌಹಾರಿ, ಕಸಿದುಕೊಂಡು ಊದಿ ಆರಿಸಿಬಿಟ್ಟರು. "ಬಾವಿ ಬಾಯಾಗ ಬೆಂಕಿ ತರ್ತಾರೇನು!" ಅಷ್ಟು ವರ್ಷದ ನೌಕರಿ ಅದು. ಎಣ್ಣೆ ಬಾವಿಯ ಹತ್ತಿರ ಒಂದು ಬೀಡಿ ಹಚ್ಚಿದರೂ ಇಡೀ ಗ್ಯಾಂಗು ಸುಟ್ಟು ಹೋಗುತ್ತದೆ.

ಅತ್ತೆ ಅವರನ್ನೇ ನೋಡಿದರು. "ಇದು ನಿನ್ನ ಎಣ್ಣಿ ಬಾವಿ ಅಲ್ಲೋ. ನನ್ನ ಮಗಳ ಹಗೇವದ. ಆಕಿಗಿ ದೀಪಾನೂ ಬ್ಯಾಡೇನು?"

ನಿಮ್ಮ ಅಜ್ಜ ತಾವೇ ಮತ್ತೆ ಕಡ್ಡಿ ಕೊರೆದು ಹಚ್ಚಿದರು. ಕಂದೀಲನ್ನು ಕಲ್ಲಿನ ಅಂಚಿಗೆ ನೆಲದ ಮೇಲೇ ಇಟ್ಟರು. ಬೆಳಕು ಅಡ್ಡಡ್ಡ ಬಿದ್ದಾಗ ಒಣಗಿದ ಕೆಸರಿನ ಮೇಲೆ ಬೆರಳಿನ ಗೆರೆಗಳು ಎದ್ದವು. ಕಲ್ಲಿನ ಸುತ್ತ ಕೈಯಾಡಿಸಿ ಮೆತ್ತಿದ ಗೆರೆಗಳು. ಮೂರು ಉದ್ದ, ಪಕ್ಕದಲ್ಲಿ ಒಂದು ಗಿಡ್ಡ. ಹೋದಲ್ಲೆಲ್ಲ ಹಾಗೇ, ಮೂರು ಉದ್ದ, ಒಂದು ಮೋಟು.

ನಿಮ್ಮ ಅಜ್ಜ ಮೊಣಕಾಲೂರಿ, ಬಾವಿಯ ಬಾಯಿ ನೋಡುವವರಂತೆ ಸುತ್ತಲೂ ಬೆರಳಾಡಿಸಿ ನೋಡಿದರು. ಎಲ್ಲೂ ಒಡೆದಿರಲಿಲ್ಲ.

"ಯವ್ವಾ, ಆಕಿ ಹೊರಗಿಂದ ಮೆತ್ತ್ಯಾಳ. ಆಮ್ಯಾಲೆ ಯಾರೂ ತಗದಿಲ್ಲ."

"ಮತ್ತ ಒಳಗ ಯಾರ ಅದಾರ?"

"ಜೋಳ ಅದ."

ಅತ್ತೆ ತಮ್ಮ ಬೆರಳುಗಳನ್ನು ಆ ಗೆರೆಗಳಲ್ಲಿ ಇಟ್ಟರು. ಅವರ ಕಿರುಬೆರಳು ಉದ್ದವಾಗಿ ಹೊರಗೆ ಉಳಿಯಿತು. ಅದನ್ನು ಮಡಚಿಕೊಂಡರು. ಆಗ ಅತ್ತರು. ಭೂಕಂಪ ಆದಾಗಲೂ ಹಾಗೆ ಅತ್ತಿರಲಿಲ್ಲ.

"ತಗೀಲೇನು?" ಎಂದು ಹಾರೆ ಹಿಡಿದು ಇವರು ಕೇಳಿದರು. ತೆರೆಯಬೇಕಾದರೆ ಆ ಕೆಸರು ಒಡೆಯಬೇಕು.

"ಬ್ಯಾಡ. ಇಷ್ಟರೆ ಇರಲಿ."

ಸೆರಗಿನ ಗಂಟಿನಿಂದ ಇಬತ್ತಿ ತೆಗೆದು ಕಲ್ಲಿಗೆ ಹಚ್ಚಿದರು. ಒಂದು ಹಿಡಿ ಮಣ್ಣು ಹಾಕಿದರು. ನನಗೂ ಕಣ್ಣಲ್ಲೇ ಹೇಳಿದರು. ನಾನೂ ಹಾಕಿದೆ, ನಿಮ್ಮ ಅಜ್ಜನೂ ಹಾಕಿದರು. ಅವಳಿಗೆ ಮಣ್ಣು ಸಿಕ್ಕದ್ದು ಆ ಸಂಜೆ. ಕಂದೀಲನ್ನು ಅಲ್ಲೇ ಬಿಟ್ಟು ಬಂದೆವು. ಬಾವಿಯ ಬಾಯಲ್ಲಿ ಬೆಂಕಿ ಬಿಟ್ಟು ಬರುವುದು ಅವರಿಂದ ಆಗದು. ರಸ್ತೆ ಸೇರುವವರೆಗೂ ಹೊರಳಿ ಹೊರಳಿ ನೋಡಿದರು.

ಅವರು ಮತ್ತೆ ನೌಕರಿಗೆ ಹೋದರು. ತಿರುಗಿ ಬಂದಾಗ ತಾಯಿಯ ಮುಂದೆ ಮಾತು ತಿದ್ದಿ, "ಈ ಸಲ ಒಂದು ಬಾವಿ ಮಲಗಿಸಿ ರಿಪೇರಿ ಮಾಡಿದ್ವಿ" ಎಂದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ, "ಕೊಂದ್ವಿ ಅನ್ನು. ಎಣ್ಣಿ ಬಾವಿ ತಾನೇ, ಏಳ್ತದ" ಎಂದರು. ಎಬ್ಬಿಸು ಎಂದು ಅವರು ಮತ್ತೆ ಕೇಳಲಿಲ್ಲ.

ನಿಮ್ಮ ಅಜ್ಜನಿಗೆ ಮಾತ್ರ ಅದು ಬಿಡಲಿಲ್ಲ. ಉದಗೀರದ ಈ ಮನೆಯಲ್ಲಿ ಹಾಸಿಗೆ ಹಿಡಿದ ಮೇಲೆ, ಎದುರು ಓಣಿಯಲ್ಲಿ ಬೋರ್ ಕೊರೆಯುವ ಸಪ್ಪಳ ಕೇಳಿದರೆ ಬಲಗೈ ಕಿರುಬೆರಳು ಮಡಚಿಕೊಂಡು ಗೋಡೆಯ ಮೇಲೆ ಕೈಯಾಡಿಸುತ್ತಿದ್ದರು. ಈಗಲೂ ಆ ಗೋಡೆಯ ಕಡೆ ಬೆನ್ನು ಮಾಡಿ ನಾನು ಮಲಗುವುದಿಲ್ಲ.

ಹಳೆಯ ಊರಿನ ಮೇಲೆ ಈಗ ಸೋಯಾಬೀನ್ ಬೆಳೆಯುತ್ತಾರೆ. ಬೇವಿನ ಗಿಡವೂ ಇಲ್ಲ. ಹಗೇವು ಎಲ್ಲಿದೆ ಎಂದು ತೋರಿಸಲು ಹೋದರೆ ನನಗೇ ತಿಳಿಯಲಿಕ್ಕಿಲ್ಲ. ಕೆಸರಿನ ಮೇಲಿನ ಆ ಬೆರಳಿನ ಗೆರೆ ನೋಡಿದ ಮೂವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಅದಕ್ಕೇ, ಮಕ್ಕಳೇ, ಈ ಹಾಳೆಗಳನ್ನು ಅಜ್ಜನ ಹೆಲ್ಮೆಟ್ಟಿನ ಒಳಗೆ ಮಡಚಿ ಇಡುತ್ತೇನೆ. ಹೆಲ್ಮೆಟ್ ಹಾಕಿಕೊಂಡು ಆಡಿರಿ, ಬೇಡ ಅನ್ನುವುದಿಲ್ಲ. ಆಡುವ ಮೊದಲು ಇವನ್ನು ತೆಗೆದು ನೀರು ತಾಗದ ಕಡೆ ಇಡಿರಿ, ಆಟ ಮುಗಿದ ಮೇಲೆ ಮತ್ತೆ ಒಳಗೆ ಇಡಿರಿ. ಜೋಪಾನ.