ಅಪ್ಪ ಬೈಗುಳ ಬಿಟ್ಟ ಮೇಲೆ

ನಮ್ಮಪ್ಪ ಕ್ರಿಸ್ತನನ್ನು ನಂಬಿದಾಗ ಬಿಡುವುದಕ್ಕೆ ಅವನ ಹತ್ತಿರ ಹೆಚ್ಚೇನೂ ಇರಲಿಲ್ಲ. ಸೆರೆ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಇದ್ದದ್ದು ಒಂದೇ, ಬಾಯಿ. ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಬಾಡಿಗೆ ಚಕ್ಕಡಿ ಹೊಡೆಯುತ್ತಿದ್ದ ಅಪ್ಪನ ಬಾಯಿ ತಾಲೂಕಿಗೆಲ್ಲ ಗೊತ್ತಿತ್ತು. ಚಕ್ಕಡಿ ಕಣ್ಣಿಗೆ ಬೀಳುವ ಮೊದಲು ಬೈಗುಳ ಕಿವಿಗೆ ಬೀಳುತ್ತಿತ್ತು. ನೀರಿಗೆ ಹೊರಟ ಹೆಣ್ಣುಮಕ್ಕಳು ಸೆರಗಿನಿಂದ ಕಿವಿ ಮುಚ್ಚಿಕೊಂಡಂತೆ ಮಾಡಿ, ಅಲ್ಲೇ ನಿಂತು ಪೂರ್ತಿ ಕೇಳಿ ಹೋಗುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಪ್ಪನ ಬಗ್ಗೆ ಯಾರಾದರೂ ಅರ್ಧಮರ್ಧ ತಿಳಿದುಕೊಂಡು ಮಾತಾಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಪ್ಪ ಮನುಷ್ಯರನ್ನು ಬೈಯುತ್ತಿರಲಿಲ್ಲ, ಎತ್ತುಗಳನ್ನು ಬೈಯುತ್ತಿದ್ದ. ಉಳಿದ ಚಕ್ಕಡಿಯವರು ಬಾರುಕೋಲಿನ ತುದಿಗೆ ಮೊಳೆ ಬಡಿದು ಚುಚ್ಚುತ್ತಿದ್ದರು. ಅವರ ಎತ್ತುಗಳ ಬೆನ್ನ ಮೇಲೆ ನೊಣ ಕೂತಿರುತ್ತಿತ್ತು. ನಮ್ಮ ಚಕ್ಕಡಿಯಲ್ಲಿ ಬಾರುಕೋಲೇ ಇರಲಿಲ್ಲ. ಕರುಗಳಾಗಿದ್ದಾಗಿನಿಂದ ಸಾಕಿದ ಎರಡು ಎತ್ತು, ಒಂದು ಬಿಳಿಯದು, ಒಂದು ಕಂದು. ಅವಕ್ಕೆ ಅಪ್ಪ ಬೈಗುಳದಲ್ಲೇ ಕೆಲಸ ಕಲಿಸಿದ್ದ. 'ನಿನ್ನ ಹೆಣಾ ಎತ್ಲಿ' ಅಂದರೆ ಹೊರಡಬೇಕು. 'ನಿನ್ನ ಬಾಯಾಗ ಮಣ್ಣ ಬೀಳ್ಲಿ' ಅಂದರೆ ಎಡಕ್ಕೆ ತಿರುಗಬೇಕು. ಏರು ಬಂದಾಗ, ಕೆಸರು ಬಂದಾಗ, ಹಳ್ಳ ದಾಟುವಾಗ 'ನಿನ್ನ ವಂಶ ನಿರ್ವಂಶ ಆಗ್ಲಿ' ಅನ್ನುವುದು. ಬೀಜ ಒಡೆಸಿದ ಎತ್ತುಗಳಿಗೆ ಆ ಮಾತಿನಿಂದ ಹೊಸದಾಗಿ ಆಗುವ ನಷ್ಟ ಏನೂ ಇರಲಿಲ್ಲ. ಆದರೂ ಕೇಳಿದ ಕೂಡಲೇ ಕತ್ತು ಬಗ್ಗಿಸಿ ಎಳೆಯುತ್ತಿದ್ದವು.

ಹಿರೇಕೆರೂರಿನ ಕಡೆಯಿಂದ ಒಬ್ಬ ಉಪದೇಶಿ ಸೈಕಲ್ ಮೇಲೆ ನಮ್ಮ ಕೇರಿಗೆ ಬರತೊಡಗಿದ್ದು ಆಗಲೇ. ನಾವು ಊರೊಳಗಿನ ಬಾವಿಗೆ ಹೋಗುವಂತಿರಲಿಲ್ಲ, ಗುಡಿಯ ಕಟ್ಟೆ ಹತ್ತುವಂತಿರಲಿಲ್ಲ. ಈ ಉಪದೇಶಿ ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಕಂಬಳಿಯ ಮೇಲೆ ಕೂತು, ಅವ್ವ ಕೊಟ್ಟ ತಂಬಿಗೆಯನ್ನು ಎತ್ತಿ ಗಟಗಟ ನೀರು ಕುಡಿದರು. ಸುವಾರ್ತೆಯ ಮುಕ್ಕಾಲು ಭಾಗ ಅಪ್ಪನಿಗೆ ಅಷ್ಟರಲ್ಲೇ ತಿಳಿದುಹೋಯಿತು. ಉಳಿದ ಕಾಲು ಭಾಗಕ್ಕೆ ಒಂದು ವರ್ಷ ಹಿಡಿಯಿತು.

ದೀಕ್ಷಾಸ್ನಾನದ ದಿನ ಕೆರೆಯಲ್ಲಿ ಸೊಂಟದ ತನಕ ನಿಂತು ಉಪದೇಶಿ ಕೇಳಿದರು: "ಇವತ್ತಿನಿಂದ ನೀನು ಹೊಸ ಮನುಷ್ಯ. ಹಳೇದು ಏನು ಬಿಡ್ತಿ?"

"ಬೈಯೂದು ಬಿಡ್ತೇನ್ರಿ," ಅಂದ ಅಪ್ಪ. "ಸಾಯೂತನಾ ಈ ಬಾಯಾಗ ಒಂದ ಕೆಟ್ಟ ಮಾತ ಬಂದ್ರ ಕೇಳ್ರಿ."

ದಂಡೆಯ ಮೇಲಿದ್ದವರು ಹೋ ಅಂದರು. ಅವ್ವ ತನ್ನ ಸರದಿಗೆ, ಮಗಳ ಕೈಗೆ ಮಂತ್ರಿಸಿದ ದಾರ ಕಟ್ಟುವುದನ್ನು ಬಿಡುತ್ತೇನೆ ಅಂದಳು. ಅವ್ವನ ಬಾಯಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಅವಳಿಗೆ ಬಾಯಿ ಇದೆಯೋ ಇಲ್ಲವೋ ಅನ್ನುವುದೇ ಊರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಎತ್ತು ಹೂಡಿ, ಭತ್ತದ ಚೀಲ ಹೇರಿ, ಚಕ್ಕಡಿಯ ಮುಂದಿನ ಮೂಕಿಯ ಮೇಲೆ ಕೂತು, "ನಡೀರಪ್ಪಾ," ಅಂದ. ಎತ್ತುಗಳು ನಡೆಯಲಿಲ್ಲ. ಇನ್ನಷ್ಟು ಪ್ರೀತಿಯಿಂದ ಅಂದ. ಬಿಳಿ ಎತ್ತು ಹಿಂದೆ ತಿರುಗಿ, ಇವನು ಯಾರು ಅನ್ನುವಂತೆ ನೋಡಿತು. ಅಪ್ಪ ಹೊಸದಾಗಿ ಕಲಿತ ಒಂದು ಕೀರ್ತನೆ ಹಾಡಿದ. ಎರಡನೆಯ ಚರಣದಲ್ಲಿ ಕಂದು ಎತ್ತು ಉಚ್ಚೆ ಹೊಯ್ದಿತು.

ಸವಣೂರಿನ ಒಬ್ಬ ಖಾರದ ವ್ಯಾಪಾರಿ ಅಪ್ಪನ ಗೆಳೆಯ. ಅಕ್ಕಿಆಲೂರಿನ ಸಂತೆಗೆ ಬಂದು ಖಾರ ಮಾರಿ, ಮರುದಿನ ಬೆಳಿಗ್ಗೆ ಖಾಲಿ ಬುಟ್ಟಿಗಳ ಜೊತೆ ನಮ್ಮ ಚಕ್ಕಡಿಯಲ್ಲೇ ಹಾನಗಲ್ಲಿಗೆ ಹೋಗುತ್ತಿದ್ದ. ಅವತ್ತು ಬುಟ್ಟಿಯ ಮೇಲೆ ಕೂತು ಎಲ್ಲ ನೋಡಿ, ಗಡ್ಡ ಕೆರೆದುಕೊಂಡು ಹೇಳಿದ: "ಅರೆ ಭಾಯಿ, ನೀರಾಗ ಮುಳುಗಿದಂವಾ ನೀನು. ಎತ್ತು ಮುಳುಗಿಲ್ಲಲ್ಲೋ!"

ಅಪ್ಪ ಕೆಳಗಿಳಿದು, ಮೂಗುದಾರ ಹಿಡಿದು, ಎತ್ತುಗಳ ಮುಂದೆ ಮುಂದೆ ನಡೆದ. ಹಾನಗಲ್ಲಿನ ತನಕ ನಡೆದ. ಅವತ್ತಷ್ಟೇ ಅಲ್ಲ, ದಿನಾ. ಮುಂಜಾನೆ ಮುಟ್ಟಬೇಕಾದ ಭತ್ತ ಹೊತ್ತು ಇಳಿಯುವಾಗ ಮುಟ್ಟತೊಡಗಿತು. ಸಾಹುಕಾರರು ಒಬ್ಬೊಬ್ಬರಾಗಿ ಬೇರೆ ಚಕ್ಕಡಿ ಹಿಡಿದರು. ಮನೆಯಲ್ಲಿ ರೊಟ್ಟಿ ತೆಳ್ಳಗಾಯಿತು. ನೀರಿಗೆ ಹೋಗುವ ಹೆಣ್ಣುಮಕ್ಕಳು, "ಯಾಕೋ ಯಣ್ಣಾ, ಗಂಟಲಾ ಕಟ್ಟೇತೇನು?" ಎಂದು ಕೇಳಿ ಕಿಸಕ್ಕೆಂದು ನಗುತ್ತಿದ್ದರು. ಅಪ್ಪ ತಾನೂ ನಕ್ಕು ನಡೆಯುತ್ತಿದ್ದ, ಆದರೆ ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಸಿಕೊಳ್ಳುವಾಗ ನಗುತ್ತಿರಲಿಲ್ಲ.

ಇದನ್ನೆಲ್ಲ ನೋಡಿ ಉಪದೇಶಿಗೆ ಮರುಕ ಬಂತು. "ಒಂದು ಬಾರುಕೋಲು ಇಟ್ಟುಕೋಪಾ. ಹಗುರಕ ತಟ್ಟಿದರಾತು," ಅಂದರು.

"ಬೈಯೂದು ಪಾಪ," ಅಂದ ಅಪ್ಪ. "ಹೊಡಿಯೂದು ಪಾಪ ಅಲ್ಲೇನ್ರಿ?"

ಉಪದೇಶಿ ಚಷ್ಮಾ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿ ಸೈಕಲ್ ಹತ್ತಿದರು.

ಅವ್ವ ಒಂದು ದಿನ, "ಒಂದ ಮಾತಿಗಿ ಏನಾಗ್ತೈತಿ? ದೇವರೇನು ಚಕ್ಕಡಿ ಹಿಂದ ಕುಂತಿರ್ತಾನ?" ಎಂದು ಕೇಳಿದಳು. ಅಪ್ಪ ಕಾಲು ಒರೆಸಿಕೊಳ್ಳುತ್ತ ಹೇಳಿದ: "ಇಲ್ಲೀತನಾ ನನಗ ಯಾರರೆ ಮಾತು ಕೊಡು ಅಂದಿದ್ರೇನು? ನಮ್ಮಂಥವರ ಮಾತು ಯಾರಿಗೆ ಬೇಕಿತ್ತು? ಮೊದಲನೇ ಸಲ ಕೇಳ್ಯಾರ, ಕೊಟ್ಟೇನಿ. ಅದೊಂದು ಮುರಿದ್ರ ನಾ ಮತ್ತ ಹಳೇ ಮನುಷ್ಯಾನ."

ಮಳೆಗಾಲದಲ್ಲಿ ನನಗೆ ಗಂಟಲು ಬಾತಿತು. ಆಗ ನನಗೆ ಹತ್ತು ವರ್ಷ, ಅವರಿಗೆ ಒಬ್ಬಳೇ ಮಗಳು. ನನಗಿಂತ ಮುಂಚಿನವು ಉಳಿದಿರಲಿಲ್ಲ. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಗಂಜಿ ಇಳಿಯಲಿಲ್ಲ, ಕೊನೆಗೆ ಉಸಿರು ಸೀಟಿ ಹೊಡೆಯತೊಡಗಿತು. ಪಕ್ಕದ ಮನೆಯ ಮುದುಕಿ ಬಂದು ನೋಡಿ, ನನ್ನ ಎದುರಿಗೇ, "ಪಾಪ, ಚಂದನ ಕೂಸಿತ್ತು," ಅಂದಳು. ಇತ್ತು ಅಂದಳು! ಬಾಯಿ ತೆರೆಯಲು ಆಗಿದ್ದರೆ ಅವಳಿಗೆ ಅವತ್ತೇ ಉತ್ತರ ಕೊಡುತ್ತಿದ್ದೆ. ಅಪ್ಪ ಎತ್ತು ಹೂಡಿದ. ಹಾನಗಲ್ಲಿನ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಇದ್ದರು.

ಮಳೆ ಹೊಡೆಯುತ್ತಿತ್ತು. ಚಕ್ಕಡಿಗೆ ಕಟ್ಟಿದ ಚಾಪೆಯ ಕೆಳಗೆ ಅವ್ವನ ತೊಡೆಯ ಮೇಲೆ ತಲೆ ಇಟ್ಟು ನಾನು ಮಲಗಿದ್ದೆ. ಅಪ್ಪ ಮುಂದೆ ಮೂಗುದಾರ ಹಿಡಿದು ಓಡುತ್ತಿದ್ದ. ಅರ್ಧ ದಾರಿಗೆ ಒಂದು ಹಳ್ಳ. ಮೊಣಕಾಲಿನ ತನಕ ಕೆಂಪು ನೀರು, ಅದರ ಕೆಳಗೆ ಎರೆಮಣ್ಣು. ನಟ್ಟನಡುವೆ ಗಾಲಿ ಹೂತುಕೊಂಡಿತು. ಎತ್ತುಗಳು ನಿಂತುಬಿಟ್ಟವು.

ಅಪ್ಪ ಮೂಗುದಾರ ಜಗ್ಗಿದ. ಹಿಂದೆ ಬಂದು ಗಾಲಿಗೆ ಹೆಗಲು ಕೊಟ್ಟ. ನೊಗದ ಕೆಳಗೆ ತಾನೇ ಸೇರಿಕೊಂಡು ಎತ್ತುಗಳ ಜೊತೆ ಎಳೆದ. "ನಡೀರಪ್ಪಾ, ಕೈ ಮುಗೀತೇನಿ, ನಡೀರಪ್ಪಾ," ಅಂದ. ಎತ್ತುಗಳ ಕಿವಿ ನೆಟ್ಟಗಿದ್ದವು. ತಮಗೆ ಗೊತ್ತಿದ್ದ ಮಾತು ಬರಲಿ ಎಂದು ಕಾಯುತ್ತಿದ್ದವು, ಅಷ್ಟೇ. ಅವುಗಳದ್ದೇನೂ ತಪ್ಪಿರಲಿಲ್ಲ. ನೀರು ಏರುತ್ತಿತ್ತು, ನನ್ನ ಸೀಟಿ ನಿಲ್ಲುವುದಕ್ಕೆ ಬಂದಿತ್ತು.

ಅಪ್ಪ ಚಕ್ಕಡಿಯ ಹತ್ತಿರ ಬಂದು ನನ್ನ ಮುಖ ನೋಡಿದ. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಹೋಗ್ಲಿ ಬಿಡು," ಅಂದ ಅವ್ವನಿಗೆ. "ಮಗಳು ಉಳೀಲಿ. ನಾ ಹಳೇ ಮನುಷ್ಯಾನ ಆಗ್ತೇನಿ. ಬೈತೇನಿ."

ಅವನು ಬಾಯಿ ತೆರೆದ. ಅವ್ವ ಕೈ ಚಾಚಿ ಆ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದಳು.

"ನೀ ಸುಮ್ಮನಿರು," ಅಂದಳು. "ಮಾತು ಕೊಟ್ಟಂವಾ ನೀನು. ನನ್ನ ಯಾರೂ ಕೇಳಿಲ್ಲ."

ನನ್ನ ತಲೆಯನ್ನು ಗೋಣಿಚೀಲದ ಮೇಲೆ ಇಳಿಸಿ, ಸೆರಗು ಬಿಗಿದು, ಮೂಕಿಯ ಮೇಲೆ ನಿಂತಳು. ಆಮೇಲೆ ಅವಳ ಬಾಯಿಂದ ಬಂದದ್ದನ್ನು ನಾನು ಇಲ್ಲಿ ಪೂರ್ತಿ ಬರೆಯಲಾರೆ. ಅಪ್ಪನ ಎಲ್ಲ ಬೈಗುಳ ಅದರಲ್ಲಿದ್ದವು, ಅಪ್ಪನಿಗೆ ಹೊಳೆಯದೆ ಇದ್ದವೂ ಇದ್ದವು. ಇಷ್ಟು ವರ್ಷ ಸಂತೆಗೆ, ಜಾತ್ರೆಗೆ ಹೋಗುವಾಗ ಚಕ್ಕಡಿಯ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದವಳು ಒಂದನ್ನೂ ಬಿಡದೆ ಕಲಿತಿದ್ದಳು. "ನಿಮ್ಮ ವಂಶ ನಿರ್ವಂಶ ಆಗ್ಲಿ!" ಅಂದದ್ದೇ ತಡ, ಎರಡೂ ಎತ್ತು ಕತ್ತು ಬಗ್ಗಿಸಿ ಒಂದೇ ಎಳೆತಕ್ಕೆ ಚಕ್ಕಡಿಯನ್ನು ದಂಡೆಗೆ ಹಾಕಿದವು. ಅಪ್ಪ ಹಳ್ಳದಲ್ಲೇ ಉಳಿದ. ಅವನು ಓಡಿ ಬಂದು ಹತ್ತಬೇಕಾಯಿತು. ಹಾನಗಲ್ಲು ಮುಟ್ಟುವ ತನಕ ಅವ್ವ ನಿಲ್ಲಿಸಲಿಲ್ಲ.

ಡಾಕ್ಟರು ನನ್ನ ಗಂಟಲಿನ ಬಾವು ಕೊಯ್ದು ಕೀವು ತೆಗೆದರು. ನಾನು ಬದುಕಿದೆ, ಬದುಕಿದ್ದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಂದಿನ ಭಾನುವಾರ ಕೇರಿಯ ಪ್ರಾರ್ಥನೆಯಲ್ಲಿ ಅವ್ವ ಎದ್ದು ನಿಂತಳು. ಅವಳು ಸಭೆಯಲ್ಲಿ ನಿಂತದ್ದನ್ನು ಯಾರೂ ನೋಡಿರಲಿಲ್ಲ.

"ನಾ ಬೈದೇನ್ರಿ," ಅಂದಳು. "ಎತ್ತಿಗೆ ಬೈದೇನಿ. ಕೆಟ್ಟಾ ಕೆಟ್ಟಾ ಬೈದೇನಿ. ಇಂವಾ ಒಂದ ಮಾತೂ ಅಂದಿಲ್ಲ, ಮತ್ತ ಇವನ ಮ್ಯಾಲೆ ಹಾಕಬ್ಯಾಡ್ರಿ. ಮಗಳಿಗಿ ಹಿಂಗ ಆದ್ರ ನಾ ಮತ್ತ ಬೈತೇನಿ. ಹೊರಗ ಹಾಕೂದಿದ್ರ ಹಾಕ್ರಿ."

ಉಪದೇಶಿ ಚಷ್ಮಾ ತೆಗೆದರು. ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. "ಇದರ ಬಗ್ಗೆ ಮುಂದಿನ ವಾರ ಮಾತಾಡೂನು. ಈಗ ಹಾಡ್ರಿ," ಅಂದರು. ಮುಂದೆ ಎಷ್ಟೋ ವಾರಗಳು ಬಂದವು. ಅವರು ಆ ಮಾತು ತೆಗೆಯಲೇ ಇಲ್ಲ.

ಅಂದಿನಿಂದ ಅವ್ವ ದಿನಾ ಬಾಡಿಗೆಗೂ ಚಕ್ಕಡಿಯಲ್ಲಿ ಕೂತು ಬರತೊಡಗಿದಳು. ಅಪ್ಪ ಮುಂದೆ ಹಗ್ಗ ಹಿಡಿದು ಸುಮ್ಮನೆ, ಮುಖದ ತುಂಬ ಶಾಂತಿ ಇಟ್ಟುಕೊಂಡು. ಅವ್ವ ಹಿಂದಿನಿಂದ, ಬೇಕಾದಾಗ ಬೇಕಾದಷ್ಟೇ, ಸಾರಿಗೆ ಉಪ್ಪು ಹಾಕುವ ಹಾಗೆ. ಸಾಹುಕಾರರು ತಿರುಗಿ ಬಂದರು. ಸವಣೂರಿನ ಗೆಳೆಯ, "ಭಾಬಿ ಕೈಗುಣ ನಿನಗಿಂತ ಛಲೋ ಐತಿ," ಎಂದು ಅಪ್ಪನಿಗೆ ಹೇಳಿ, ಅವ್ವನಿಗೆ ಒಂದು ಪೊಟ್ಟಣ ಖಾರ ಕೊಟ್ಟ. ಊರವರು ಚೇಷ್ಟೆ ಮಾಡಿದರು, ಕೆಣಕಿದರು, ಕಾಲಿಗೆ ಕಲ್ಲು ಉರುಳಿಸಿಯೂ ನೋಡಿದರು. ಅಪ್ಪ ಬಾಯಿ ಬಿಡಲಿಲ್ಲ. ಕೊನೆಕೊನೆಗೆ ಊರಲ್ಲಿ ಜಗಳ ಬಂದರೆ, ಆ ಚಕ್ಕಡಿಯವನನ್ನು ಕರೆಯಿರಿ, ಅವನು ಹೇಳಿದರೆ ಆಯಿತು ಅನ್ನತೊಡಗಿದರು. ಕಟ್ಟೆಯ ಮೇಲೆ ಕೂರಿಸಲಿಲ್ಲ, ಅದು ಬೇರೆ ಮಾತು. ಕೆಳಗೆ ನಿಲ್ಲಿಸಿಯೇ ಕೇಳುತ್ತಿದ್ದರು.

ನಾನು ಓದಿ ಶಿಗ್ಗಾವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾದೆ. ಒಂದು ಬೇಸಿಗೆ ಅಪ್ಪ ಜ್ವರ ಬಂದು ತೀರಿಕೊಂಡ. ನಮ್ಮ ಊರಿನಲ್ಲಿ ನಮ್ಮವರನ್ನು ಹೂಳಲು ಜಾಗ ಕೊಡಲಿಲ್ಲ; ಹಾನಗಲ್ಲಿನ ಹೊರಗೆ ಸಭೆಯದೊಂದು ತುಂಡು ನೆಲ ಇತ್ತು. ಪೆಟ್ಟಿಗೆಯನ್ನು ನಮ್ಮ ಚಕ್ಕಡಿಯಲ್ಲೇ ಇಟ್ಟೆವು. ಅವೇ ಎತ್ತುಗಳು, ಮುದಿಯಾಗಿದ್ದವು. ಅವ್ವ ಪೆಟ್ಟಿಗೆಯ ಪಕ್ಕ ಕೂತಳು. ಸವಣೂರಿನ ಗೆಳೆಯ ಮೂಗುದಾರ ಹಿಡಿದು ಮುಂದೆ ನಡೆದ. ಉಪದೇಶಿ ಮತ್ತು ಸಭೆಯವರು ಹಾಡುತ್ತ ಹಿಂದೆ ಬಂದರು.

ಅದೇ ಹಳ್ಳದ ದಂಡೆಗೆ ಬಂದಾಗ ಎತ್ತುಗಳು ನಿಂತವು. ಹಳ್ಳದಲ್ಲಿ ನೀರಿರಲಿಲ್ಲ, ಆದರೆ ಅಲ್ಲಿ ಒಂದು ಮಾತು ಬರಬೇಕು ಎಂದು ಅವಕ್ಕೆ ರೂಢಿಯಾಗಿತ್ತು. ಗೆಳೆಯ ಜಗ್ಗಿದ, ಅಲುಗಲಿಲ್ಲ. ಹಾಡು ನಿಂತಿತು. ಎಲ್ಲರೂ ಅವ್ವನನ್ನು ನೋಡಿದರು. ಅವ್ವ ಬಾಯಿ ತೆರೆದಳು, ಅಳು ಬಂತೇ ಹೊರತು ಬೈಗುಳ ಬರಲಿಲ್ಲ. ಮತ್ತೆ ತೆರೆದಳು. ಬರಲಿಲ್ಲ. "ನನಗ ಆಗೂದಿಲ್ಲ," ಎಂದು ಪೆಟ್ಟಿಗೆಯ ಮೇಲೆ ತಲೆ ಇಟ್ಟಳು. ಉಪದೇಶಿ ಮೆಲ್ಲಗೆ, "ನಡೀರಪ್ಪಾ," ಅಂದು ನೋಡಿದರು.

ನಾನು ಇಸ್ತ್ರಿಯ ಬಿಳಿ ಸೀರೆ ಉಟ್ಟಿದ್ದೆ, ಕೈಯಲ್ಲಿ ಕೀರ್ತನೆಯ ಪುಸ್ತಕ ಇತ್ತು. ಪುಸ್ತಕವನ್ನು ಉಪದೇಶಿಯ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಮೂಕಿಯ ಮೇಲೆ ಹತ್ತಿ ನಿಂತೆ. "ನಿಮ್ಮ ವಂಶ ನಿರ್ವಂಶ ಆಗ್ಲಿ, ಎಳೀರಿ!" ಎಂದು ಕೂಗಿದೆ. ಒಂದು ಕಾಲಕ್ಕೆ ಬಾತಿದ್ದ ಗಂಟಲು ಅವತ್ತು ಚೆನ್ನಾಗಿಯೇ ಕೆಲಸ ಮಾಡಿತು. ಎತ್ತುಗಳು ಕತ್ತು ಬಗ್ಗಿಸಿದವು.

ಉಪದೇಶಿ ಹಾಡನ್ನು ಅದು ನಿಂತಿದ್ದ ಸಾಲಿನಿಂದಲೇ ಮತ್ತೆ ಎತ್ತಿಕೊಂಡರು. ಅಪ್ಪ ಪೆಟ್ಟಿಗೆಯೊಳಗೆ ಸುಮ್ಮನಿದ್ದ. ಕೊಟ್ಟ ಮಾತನ್ನು ಮಣ್ಣಿಗೆ ಹೋಗುವ ತನಕ ಉಳಿಸಿಕೊಂಡ. ಅವನ ಪಾಲಿನದನ್ನು ನಾವಿಬ್ಬರು ಬೈದೆವು.